ಹನ್ನೊಂದನೇ ಸ್ಟೇಷನ್ನಿನ ನೀರು

ಅಖಿಲಾ ಹೆಗಲಿಗೆ ಹಗ್ಗದ ಸುರುಳಿ ಹಾಕ್ಕೊಂಡು ನಮ್ಮ ಮನಿಗೆ ಬಂದಾಗ ನಾನು ಕಟ್ಟಿ ಮ್ಯಾಲ ಕುಂತು ಬಡಾಯಿ ಕೊಚ್ಚಾಕ ಹತ್ತಿದ್ದೆ. ಇಪ್ಪತ್ತೆರಡು ವರ್ಷ ಸಮುದ್ರದ ಹಡಗಿನ್ಯಾಗ ಕೆಲಸ ಮಾಡಿದಂವ, ಮಕ್ತಲ್ ಕಡೆ ಹಳ್ಳ್ಯಾಗ ಹುಟ್ಟಿದಂವ, ರಜಾಕ್ಕ ಊರಿಗೆ ಬಂದ್ರ ನನ್ನ ಬಾಯಿ ಸುಮ್ಮನಿರತೈತೇನ್ರಿ? ಓಣಿ ಮಂದಿ ನಾಕು ಜನ ಬಾಯಿ ತಕ್ಕೊಂಡು ಕೇಳಾಕ ಹತ್ತಿದ್ರು. "ಅಲೆ ಈಚಲ ಮರದೆತ್ತರ ಏಳಲಿ, ನನ್ನ ಹೊಟ್ಟಿ ಅಲ್ಲಾಡಂಗಿಲ್ಲ. ಇಪ್ಪತ್ತೆರಡು ವರ್ಷದಾಗ ಒಂದು ಸಲ ವಾಂತಿ ಮಾಡಿಲ್ಲ, ಬೀರಪ್ಪನಾಣಿ," ಅಂದೆ. ಅಂದು ತಲಿ ಎತ್ತಿದ್ರ ಅಖಿಲಾ ಅಂಗಳದಾಗ ನಿಂತಿದ್ಲು.

ಥೂ, ನನ್ನ ಬಾಯಿಗೆ ಬೆಂಕಿ ಹಾಕ. ದೇವರ ಆಣಿ ಬ್ಯಾರೆ ಇಟ್ಟಿದ್ದೆ.

"ನಮಸ್ಕಾರ ಅಣ್ಣಾ," ಅಂದ್ಲು. "ಗದ್ವಾಲದಿಂದ ಮುಂಜಾನಿ ಬಸ್ಸಿಗೆ ಬಂದೆ. ಫೋನ್ ಮಾಡಿದ್ರ ನೀವು ಎತ್ತಲಿಲ್ಲ."

ಖರೇನ ಎತ್ತಿರಲಿಲ್ಲ. ಹದಿನೈದು ದಿನದಿಂದ ಆಕಿ ಹೆಸರು ಫೋನಿನ್ಯಾಗ ಮೂಡಿದಾಗೊಮ್ಮೆ ಅದನ್ನ ಬೋರಲ ಹಾಕಿ ಇಡತಿದ್ದೆ. "ಇಲ್ಲಿ ಸಿಗ್ನಲ್ ಸಿಗಂಗಿಲ್ಲವ್ವ," ಅಂದೆ. ಅದ ಹೊತ್ತಿಗೆ ನನ್ನ ಬಗಲಾಗ ಕುಂತ ಮನುಷ್ಯ ಕೋಸಗಿಯೊಳಗಿನ ತನ್ನ ಅಳಿಯನ ಜೋಡಿ ಫೋನಿನ್ಯಾಗ ಜೋರಾಗಿ ಮಾತಾಡಾಕ ಹತ್ತಿದ್ದ. ಅಖಿಲಾ ಅವನ್ನೂ ನೋಡಿದ್ಲು, ನನ್ನೂ ನೋಡಿದ್ಲು.

ಅಖಿಲಾ ಗದ್ವಾಲದ ಹುಡುಗಿ, ಸಮುದ್ರದ ಮ್ಯಾಲ ಪಿಎಚ್‌ಡಿ ಮಾಡಾಕ ಹತ್ಯಾಳ. ಹೋದ ವರ್ಷ ನವೆಂಬರ್‌ನ್ಯಾಗ ಮೂರು ವಾರ ನಮ್ಮ ಸಂಶೋಧನಾ ಹಡಗಿಗೆ ಬಂದಿದ್ಲು. ನಾನು ಆ ಹಡಗಿನ ಹಿರೇ ಟೆಕ್ನಿಷಿಯನ್, ಭೀಮಶಂಕರ್. ಇಡೀ ಹಡಗಿನ್ಯಾಗ ನಮ್ಮ ಸೀಮಿ ಮಾತು ಆಡೋರು ನಾವಿಬ್ಬರ ಇದ್ವಿ. ಮೊದಲನೇ ದಿನ ನಾ ವಿಂಚಿನ, ಅಂದ್ರ ತಂತಿಹಗ್ಗ ಸುತ್ತೋ ಯಂತ್ರದ ಮುಂದ ಯಾರನ್ನೋ ಬೈಯೋದು ಕೇಳಿ, "ಅಣ್ಣಾ, ನೀವು ನಮ್ಮ ಕಡೇರೇನ್ರಿ?" ಅಂತ ಓಡಿ ಬಂದಿದ್ಲು. ಇಂಥ ಹುಡುಗಿಗೆ ನಾ ಮಾಡಿದ ಕೆಲಸ ಕೇಳ್ರಿ.

ಓಣಿ ಮಂದಿ ಎದ್ದು ಹೋದ್ರು. ಅವ್ವ ಶೇಖಮ್ಮ ಚಾಪಿ ಹಾಸಿ, ಚರಿಗಿ ತುಂಬ ಮಜ್ಜಿಗಿ ತಂದಿಟ್ಲು. ಅಪ್ಪ ಆಶಪ್ಪ ಅಂಗಳದ ಆಚೀಕ ಕುರಿದೊಡ್ಡಿ ತಡಿಕಿ ಕಟ್ಟಾಕ ಹತ್ತಿದ್ದ. ಎಪ್ಪತ್ತೈದು ದಾಟೈತಿ, ಇನ್ನೂ ಕುರಿ ಬಿಟ್ಟಿಲ್ಲ. ಅಖಿಲಾ ಹಗ್ಗ ತೊಡಿ ಮ್ಯಾಲ ಇಟಗೊಂಡು, ಚೀಲದಾಗಿಂದ ಒಂದು ನೀಲಿ ರಟ್ಟಿನ ನೋಟ್‌ಬುಕ್ ತಗದ್ಲು.

"ಅಣ್ಣಾ, ಸೋಮವಾರ ನನ್ನ ಥೀಸಿಸ್ ಕೊಡಬೇಕು. ಎಲ್ಲಾ ಬರದೀನಿ, ಒಂದ ಪುಟ ಉಳದೈತಿ. ಹನ್ನೊಂದನೇ ಸ್ಟೇಷನ್ನಿನ್ಯಾಗ ಹಗ್ಗದ ಹದಿನಾಲ್ಕು ಗಂಟು ಇಳಿಸಿ ನಾಲ್ಕ ಅಂತ ನಾ ಹ್ಯಾಂಗ ತಪ್ಪಿ ಎಣಿಸಿದೆ ಅಂತ ಬರೀಬೇಕು. ಮುಚ್ಚಿಡೋದು ನನಗ ಸೇರಂಗಿಲ್ಲ, ತಪ್ಪು ಮಾಡೀನಿ ಅಂತ ಒಪ್ಪಕೊಂಡ ಬರೀತೀನಿ. ಆದ್ರ ಹ್ಯಾಂಗ ತಪ್ಪಿತು ಅಂತ ನನಗ ತಿಳೀವಲ್ದು. ನಮ್ಮ ಮಾಳಗಿ ಮ್ಯಾಲ ನಿಂತು ಇದ ಹಗ್ಗ ಹಿಡಕೊಂಡು, ಕಣ್ಣು ಮುಚ್ಚಕೊಂಡು, ನೂರು ಸಲ ಎಣಿಸಿ ನೋಡೀನಿ. ತಪ್ಪಂಗಿಲ್ಲ. ನೀವು ಹಳಬರು. ಎಲ್ಲಿ ತಪ್ಪತೈತಿ, ಒಂದ್ಸಲ ತೋರಸ್ರಿ."

ಆಕಿ ಎಣಿಕಿ ತಪ್ಪಿರಲೇ ಇಲ್ಲ. ತಪ್ಪು ಮಾಡಿದಂವ ನಾನು, ಅದು ನನಗೊಬ್ಬನಿಗೆ ಗೊತ್ತು. ಮಾಡದ ತಪ್ಪನ್ನ ಮಾಡೀನಿ ಅಂತ ಸರಿಯಾಗಿ ಬರಿಯೋದು ಕಲಿಯಾಕ ಈ ಹುಡುಗಿ ಜುರಾಲಾ ಡ್ಯಾಮ್ ದಾಟಿ ನನ್ನ ಹತ್ರಾನ ಬಂದಿದ್ಲು.

ನಡದದ್ದು ಹೇಳ್ತೀನಿ, ಅದಕ್ಕ ಮೊದಲು ಸಮುದ್ರದ್ದು ಎರಡು ಮಾತು ಹೇಳಬೇಕು. ಮಂದಿ ಸಮುದ್ರ ಅಂದ್ರ ಎಲ್ಲಾ ಒಂದ ನೀರು ಅಂತ ತಿಳದಾರ. ಏನ್ ಒಂದ ನೀರು, ಹೊಯ್ಕೋಬೇಕು! ಮ್ಯಾಲಿನ ನೀರು ಬೆಚ್ಚಗ, ಕೆಳಗಿನದು ತಣ್ಣಗ. ಮಳಿಗಾಲ ಮುಗಿದ ಮ್ಯಾಲ ನಮ್ಮ ಕೃಷ್ಣಾ, ಆಕಡೆ ಗೋದಾವರಿ, ಎಲ್ಲಾ ಹೊಳಿ ನೀರು ಹೋಗಿ ಬಂಗಾಳ ಕೊಲ್ಲಿ ಮ್ಯಾಲ ಮುಚ್ಚಳ ಹಾಕಿದಂಗ ಕುಂದರತೈತಿ. ಸಪ್ಪ ನೀರು ಹಗುರ, ಉಪ್ಪುನೀರಿನ ಜೋಡಿ ಲಗೂನ ಕೂಡಂಗಿಲ್ಲ. ಗೊಬ್ಬರ ಇರೋದು ಕೆಳಗ, ತಣ್ಣನ್ನ ನೀರಿನ್ಯಾಗ. ಬಿಸಿಲು ಇರೋದು ಮ್ಯಾಲ. ನಡುವ ಮುಚ್ಚಳ. ಕೊತ್ತಪಲ್ಲಿ ಕಡೆ ರೈತರು ಹೊಲದಾಗ ಕುರಿ ಕೂಡ್ರಿಸ್ರಿ ಅಂತ ಅಪ್ಪನ ಬೆನ್ನು ಹತ್ತತಾರಲ್ಲ, ಗೊಬ್ಬರ ಬೀಳದ ಬೆಳಿ ಇಲ್ಲ ಅಂತ, ಅಲ್ಲೂ ಹಂಗ. ಗೊಬ್ಬರ ಮ್ಯಾಲ ಬರದ ಪಾಚಿ ಬೆಳಿಯಂಗಿಲ್ಲ. ಪಾಚಿ ಇಲ್ಲಂದ್ರ ಅದನ್ನ ತಿನ್ನೋ ಸಣ್ಣ ಸೀಗಡಿ ಹುಳ ಇಲ್ಲ, ಹುಳ ಇಲ್ಲಂದ್ರ ಮೀನಿಲ್ಲ.

ಆದ್ರ ಒಂದೊಂದು ಕಡೆ ಸಮುದ್ರ ತಂತಾನ ದೊಡ್ಡದಾಗಿ ಸುತ್ತಾಕ ಹತ್ತತೈತಿ. ನೂರು, ಇನ್ನೂರು ಕಿಲೋಮೀಟರ್ ಅಗಲ. ಆ ಸುತ್ತಿನ ನಡುವ ಕೆಳಗಿನ ತಣ್ಣನ್ನ ನೀರು ಗೊಬ್ಬರ ಹೊತಗೊಂಡು ಮ್ಯಾಲ ಏರತೈತಿ. ಅಲ್ಲಿ ಹಸರೇ ಹಸರು. ಕೆಲವು ವಾರ ಇದ್ದು ಕರಗಿ ಹೋಗತೈತಿ, ಮುಂದಿನ ವರ್ಷ ಅಲ್ಲೇ ಹೋಗಿ ಹುಡುಕಿದ್ರ ಅದು ಸಿಗಂಗಿಲ್ಲ. ಇಂಥದ್ದೊಂದನ್ನ ಹಿಡೀಬೇಕಂತ ಅಖಿಲಾ ಬಂದಿದ್ಲು. ಐವತ್ತು ಕಿಲೋಮೀಟರಿಗೆ ಒಂದು ಕಡೆ ಹಡಗು ನಿಲ್ಲಸೋದು, ನೀರು ಅಳಿಯೋದು. ಅದಕ್ಕ ಸ್ಟೇಷನ್ ಅಂತೀವಿ. ನಂದು ದೊಡ್ಡ ಕೆಲಸ: ಉಕ್ಕಿನ ಪಂಜರದಾಗ ಮಷೀನು ಇಟ್ಟು ವಿಂಚಿನಿಂದ ಸಾವಿರ ಮೀಟರ್ ಇಳಿಸಿ, ನೀರಿನ ಬಿಸಿ, ಉಪ್ಪು, ಆಕ್ಸಿಜನ್ ಬರಕೊಳ್ಳೋದು. ಆಕಿದು ಸಣ್ಣ ಕೆಲಸ: ಹಡಗಿನ ಹಿಂದಿನ ತುದಿಯಾಗ ನಿಂತು ಕೈಯಿಂದ ಹಗ್ಗ ಬಿಟ್ಟು, ಸೀಸೆಯಾಗ ನೀರು ತುಂಬಿ ಎಳಕೊಳ್ಳೋದು, ಆಮ್ಯಾಲ ಸಣ್ಣ ಬಲಿ ಬಿಟ್ಟು ಹುಳ ಹಿಡಿಯೋದು. ಹಗ್ಗಕ್ಕ ಹತ್ತು ಮೀಟರಿಗೊಂದು ಕೆಂಪು ದಾರದ ಗಂಟು. ಎಷ್ಟು ಗಂಟು ಕೈ ದಾಟಿದ್ವು ಅನ್ನೋದ ಲೆಕ್ಕ.

ಪಾಪ, ಆಕಿಗೆ ಹಡಗು ಒಗ್ಗಲಿಲ್ಲ. ಹತ್ತಿದ ದಿನದಿಂದ ವಾಂತಿ. ಬಕೆಟ್ ಬಗಲಾಗ ಇಟಗೊಂಡ ಕೆಲಸ ಮಾಡತಿದ್ಲು. ನಾನು ಅದಕ್ಕ ಆಕಿಗೆ "ಬಕೆಟ್ ಮೇಡಂ" ಅಂತ ಹೆಸರಿಟ್ಟೆ. ಎಲ್ಲಾರೂ ನಕ್ರು, ಆಕಿನೂ ನಕ್ಲು. ಊಟದ ಹೊತ್ತಿನ್ಯಾಗ ಎಲ್ಲಾರ ಮುಂದ, "ನಾ ಕುರುಬರ ಮಗ, ನನಗ ಸಮುದ್ರ ಏನ್ ಮಾಡತೈತಿ?" ಅಂತ ಮೀಸಿ ತಿರವತಿದ್ದೆ.

ಹನ್ನೊಂದನೇ ಸ್ಟೇಷನ್ ಬಂದ ದಿನ ಸಮುದ್ರ ಕೆಟ್ಟಿತ್ತು. ಆಚೀಕ ಎಲ್ಲೋ ವಾಯುಭಾರ ಕುಸಿತ ಆಗೈತಿ ಅಂತ ಸುದ್ದಿ ಬಂದಿತ್ತು. ಮಧ್ಯಾಹ್ನ ಮೂರು ಗಂಟೆಕ್ಕ ಹಡಗು ನಿಂತಾಗ ನನ್ನ ಹೊಟ್ಟಿ, ಇಪ್ಪತ್ತೆರಡು ವರ್ಷ ಅಲ್ಲಾಡದ ಹೊಟ್ಟಿ, ತಿರಗಿತು ನೋಡ್ರಿ. ವಿಂಚಿನ ಸಹಾಯಕನನ್ನ "ಒಳಗ ಹೋಗಪಾ, ನಾ ನೋಡಕೋತೀನಿ" ಅಂತ ಕಳಿಸಿದೆ. ನನ್ನ ವಾಂತಿ ಅಂವ ನೋಡಬಾರದಿತ್ತು, ಅಷ್ಟ. ವಿಂಚಿನ ಹಿಂದ ಕೂತು ಕಾರಿದೆ. ಎದ್ದು ನಿಂತ್ರ ಕಣ್ಣು ಕತ್ತಲಿ. ಅರ್ಧ ತಾಸು ಅಲ್ಲೇ ಬಿದ್ದುಕೊಂಡಿದ್ದೆ. ಆಮ್ಯಾಲ ವಾಕಿಟಾಕಿ ತಗೊಂಡು, "ಹನ್ನೊಂದು ಮುಗೀತು, ನಡೀರಿ," ಅಂದೆ. ಪಂಜರ ನೀರಿಗೆ ಇಳಿದಿರಲೇ ಇಲ್ಲ.

ಅದ ಹೊತ್ತಿಗೆ ಹಿಂದಿನ ತುದಿಯಾಗ ಅಖಿಲಾ, ಬಕೆಟ್ ಒಂದು ಕಡೆ, ಹಗ್ಗ ಒಂದು ಕಡೆ, ತನ್ನ ಪಾಲಿನ ನೀರು ಪೂರಾ ತಗೊಂಡಿದ್ಲು.

ಹನ್ನೆರಡನೇ ಸ್ಟೇಷನ್ ಮುಗಿದ ಮ್ಯಾಲ, ರಾತ್ರಿ, ನಾನು ಕಂಪ್ಯೂಟರ್ ಮುಂದ ಕುಂತು ಹತ್ತನೇ ಸ್ಟೇಷನ್ನಿಂದು, ಹನ್ನೆರಡನೇದು ಕೂಡಿಸಿ, ಅರ್ಧ ಮಾಡಿ, ನಡುವ ಹನ್ನೊಂದನೇದು ಅಂತ ಇಟ್ಟೆ. ಆಕಡೆ ಹೊಲದಾಗ ಜ್ವಾಳ, ಈಕಡೆ ಹೊಲದಾಗ ಜ್ವಾಳ, ನಡುವಿನ ಹೊಲದಾಗೂ ಜ್ವಾಳ ಇದ್ದೀತು ಬಿಡು ಅಂದಂಗ. ಅಲ್ಲಿ ಏನು ಬಿತ್ಯಾರ ಅಂತ ಹೋಗಿ ನೋಡಿರಲಿಲ್ಲ.

ನೀವು ಕೇಳಬಹುದು, "ವಾಂತಿ ಆತು ಸರ್, ಇಳಸಾಕ ಆಗಲಿಲ್ಲ" ಅಂದಿದ್ರ ಏನಾಗತಿತ್ತಪಾ ಅಂತ. ಏನೂ ಆಗತಿರಲಿಲ್ಲ. ಅದ ನನ್ನ ತಿನ್ನಾಕ ಹತ್ತೈತಿ. ಅದಕ್ಕ ಹಿಂದಿಂದೊಂದು ಕತಿ ಐತಿ. ನಮ್ಮ ಹಿಂಡಿನ್ಯಾಗ ಊರ ಮಂದಿ ಕುರಿನೂ ಕಾಯಾಕ ಬಿಟ್ಟಿರತಾರ. ಒಬ್ಬೊಬ್ಬರ ಕುರಿಗೆ ಒಂದೊಂದು ನಮೂನಿ ಕಿವಿ ಕತ್ತರಿಸಿದ ಗುರುತು. ಕುರಿ ಸತ್ರ, ತೋಳ ಹಿಡದ್ರ, ಕಾಯೋನು ಆ ಕಿವಿ ತಂದು ಒಡೇನ ಕೈಯಾಗ ಇಡಬೇಕು. ಕಿವಿ ಇದ್ರ ಮಾತು ಮುಗೀತು. ಕಿವಿ ಇಲ್ಲಂದ್ರ "ತೋಳ ತಿಂತು" ಅನ್ನಂಗಿಲ್ಲ, "ನಾ ಕಳಕೊಂಡೆ" ಅನ್ನಬೇಕು. ನಾ ಹನ್ನೊಂದು ವರ್ಷದವ ಇದ್ದಾಗ ಜಾಲಿ ನೆರಳಾಗ ನಿದ್ದಿ ಹೊಡದು ಒಂದು ಮರಿ ಕಳದಿದ್ದೆ. ತೋಳ ಅಂತ ಅತ್ತೆ. ಅಪ್ಪ ಹೊಡಿಲಿಲ್ಲ, ಬೈಲಿಲ್ಲ. "ಕಿವಿ ಎಲ್ಲೈತಿ?" ಅಂದ. ಆಮ್ಯಾಲ ಕೈ ಹಿಡಕೊಂಡು ಒಡೇರ ಬಾಗಿಲಿಗೆ ಒಯ್ದು, "ನಾ ನಿದ್ದಿ ಮಾಡಿದ್ದೆ, ಕಳಕೊಂಡೆ" ಅಂತ ನನ್ನ ಬಾಯಿಂದ ಹೇಳಿಸಿದ. ಒಡೇರ ಮನಿ ಹೆಣ್ಮಕ್ಕಳು ಕಿಸಿಕಿಸಿ ನಕ್ರು. ಆ ನಗು ನನ್ನ ಕಿವಿಯಾಗ ಇನ್ನೂ ಐತಿ. ಜಲ್ಮದಾಗ ಮತ್ತ ಅಂಥ ಬಾಗಿಲಿಗೆ ನಿಲ್ಲಬಾರದು ಅಂತ ಅವತ್ತ ಗಟ್ಟಿ ಮಾಡಿಕೊಂಡಿದ್ದೆ. ಕಲೀಬೇಕಾದ ಪಾಠ ಬಿಟ್ಟು ಬ್ಯಾರೆ ಪಾಠ ಕಲತೆ, ಹಲ್ಕಟ್ ನಾನು.

ಹಡಗು ಬಂದರಿಗೆ ಬಂದ ಮ್ಯಾಲ ಲೆಕ್ಕ ಕೂಡಿಸೋ ಹೊತ್ತಿಗೆ ಬಂತು ನೋಡ್ರಿ ಫಜೀತಿ. ಹನ್ನೊಂದನೇ ಸ್ಟೇಷನ್ನಿನ್ಯಾಗ ಅಖಿಲಾನ ಸೀಸೆ ಪ್ರಕಾರ ಬರೇ ನಲವತ್ತು ಮೀಟರಿಗೆ ನೀರು ತಣ್ಣಗ, ಆಕ್ಸಿಜನ್ ಕಡಿಮಿ. ಅಂದ್ರ ಕೆಳಗಿನ ನೀರು ಮ್ಯಾಲ ಏರೈತಿ. ಬಲಿ ಎಳದ್ರ ಸೀಗಡಿ ಹುಳ ಮುಕುರಿಕೊಂಡು ಬಂದಾವ. ಆಕಿ ಹುಡುಕಾಕ ಹೋದದ್ದು ಆಕಿಗೆ ಸಿಕ್ಕಿತ್ತು! ನನ್ನ ಪಂಜರದ ಪ್ರಕಾರ ಅಲ್ಲಿ ಏನೂ ಇಲ್ಲ, ಆಚೀಚಿ ಇದ್ದಂಗ ಬೆಚ್ಚನ್ನ ಮುಚ್ಚಳ. ನಮ್ಮ ಮುಖ್ಯ ವಿಜ್ಞಾನಿ ಉದಯಕುಮಾರ ಸರ್ ಇಬ್ಬರನ್ನೂ ಕರದ್ರು. "ಎರಡರಲ್ಲಿ ಒಂದು ತಪ್ಪು. ಯಾವುದು?" ಅಂದ್ರು.

ಅಲ್ಲಿ ಹೇಳಬಹುದಿತ್ತು. ನಾಲಿಗಿ ತುದಿತನ ಬಂದಿತ್ತು. ಆದ್ರ ನನ್ನ ಬಾಯಿಂದ ಹೊಂಟ ಮಾತು ಇದು: "ಸರ್, ಹುಡುಗಿ ವಾಂತಿ ಮಾಡ್ಕೋತ ಗಂಟು ಎಣಿಸ್ಯಾಳ. ನೂರಾ ನಲವತ್ತು ಮೀಟರಿಗೆ ಇಳಿಸಿ ನಲವತ್ತು ಅಂತ ಬರದಾಳ." ಸರ್ ಕೇಳಿದ್ರು, "ಮತ್ತೆ ಬಲೆಯಲ್ಲಿ ಅಷ್ಟು ಹುಳ?" ನಾನಂದೆ, "ಸಂಜಿ ಹೊತ್ತು ಸರ್. ಹೊತ್ತು ಮುಣಗೋ ಮುಂದ ಆಳದ ಹುಳ ಎಲ್ಲಾ ಮೇಯಾಕ ಮ್ಯಾಲ ಬರತಾವಲ್ಲ." ಅದು ಖರೇ ಮಾತು. ದಿನಾ ಸಂಜಿಕ ಮ್ಯಾಲ ಬರತಾವ, ಹೊತ್ತು ಹುಟ್ಟೋ ಮುಂದ ಇಳದು ಹೋಗತಾವ. ಆದ್ರ ಆಕಿ ಬಲಿ ಎಳದಾಗ ಇನ್ನೂ ಮೂರೂವರಿ, ಹೊತ್ತು ಮುಣಗಾಕ ಹತ್ತತ್ರ ಎರಡು ತಾಸು ಇತ್ತು. ಇಪ್ಪತ್ತೆರಡು ವರ್ಷ ಕಲತ ವಿದ್ಯಾನ ಸುಳ್ಳಿಗೆ ಆಸರಿ ಮಾಡಿಕೊಟ್ಟೆ.

ಸರ್ ನನ್ನ ನಂಬಿದ್ರು. ಅಖಿಲಾ ನನ್ನ ಮಾರಿ ನೋಡಿ, "ಅಣ್ಣ ಹೇಳಿದ್ರಂದ್ರ ತಪ್ಪಿರಬೇಕು ಸರ್," ಅಂದ್ಲು. ನಾನ "ಅಡ್ಡಗೀಟು ಹಾಕಿಬಿಡವ್ವ" ಅಂದೆ. ತನ್ನ ಅಂಕಿ ಮ್ಯಾಲ ತನ್ನ ಕೈಯಿಂದ ಗೀಟು ಎಳದ್ಲು. ಹುಳ ತುಂಬಿಟ್ಟ ಏಳು ಬಾಟ್ಲಿ ಇದ್ವು. ಅವನ್ನ ಖಾಲಿ ಮಾಡ್ರಿ ಅಂತ ಸರ್ ಅಂದ್ರು. ಖಾಲಿ ಮಾಡಿ, ಸೋಪು ಹಚ್ಚಿ ತೊಳದು, ಬೋರಲ ಇಟ್ಟಂವ ಯಾರು? ನಾನ.

ಇಂಥಾದ್ದೆಲ್ಲಾ ಮಾಡಿ ಇವತ್ತು ನಮ್ಮ ಅಂಗಳದಾಗ ಆಕಿ ಮುಂದ ಕುಂತು ನಾ ಏನಂದೆ ಗೊತ್ತೇನ್ರಿ? "ಹಗ್ಗ ಹಸಿ ಇದ್ದಾಗ ಗಂಟು ಕೈಗೆ ಹತ್ತಂಗಿಲ್ಲವ್ವ, ಜಾರತಾವ. ಹಂಗ ಬರಿ." ಆಕಿ ಪೆನ್ನು ತಗದು, "ಹಸಿ ಹಗ್ಗ" ಅಂತ ಬರಕೊಂಡ್ಲು. ಬರಕೊಂಡು, "ಆದ್ರ ಅಣ್ಣಾ, ನಾ ಬಕೆಟ್ಟಿನ್ಯಾಗ ಹಗ್ಗ ನೆನಸಿನೂ ಎಣಿಸಿ ನೋಡೀನಿ," ಅಂದ್ಲು, ಮೆಲ್ಲಕ.

ತಡಿಕಿ ಕಟ್ಟಾಕ ಹತ್ತಿದ್ದ ಅಪ್ಪ ಎದ್ದು ಬಂದ. ಇಷ್ಟೊತ್ತು ಎಲ್ಲಾ ಕೇಳಿಸಿಕೊಂಡಿದ್ದ. "ಕೊಡವ್ವ ಇಲ್ಲಿ," ಅಂತ ಹಗ್ಗ ಇಸಗೊಂಡ.

ಅಪ್ಪಗ ಎಣಸೋದು ಅಂದ್ರ ಪೂಜಿ ಇದ್ದಂಗ. ದಿನಾ ಸಂಜಿಕ ಕುರಿ ದೊಡ್ಡಿಗೆ ಹೋಗೋ ಮುಂದ, ತಡಿಕಿ ಸಂದಿಯಾಗ ಈಕಡೆ ಅಪ್ಪ, ಆಕಡೆ ಅವ್ವ, ಕೋಲು ಹಿಡಕೊಂಡು ನಿಂದರತಾರ. ರಜಾದಾಗ ಅವ್ವನ ಬದಲಿ ನಾನು. ಒಂದೊಂದ ಕುರಿ ನಡುವ ಹಾದು ಹೋಗತೈತಿ. ಇಬ್ಬರೂ ಮನಸಿನ್ಯಾಗ ಎಣಸಬೇಕು, ಬಾಯಿ ಬಿಡಂಗಿಲ್ಲ. ಕಡೀಕ ಒಬ್ಬರಿಗೊಬ್ಬರು ಹೇಳಬೇಕು. ಎರಡೂ ಕೂಡಿದ್ರ ತಡಿಕಿ ಮುಚ್ಚತಾರ. ಕೂಡಲಿಲ್ಲಂದ್ರ ನಿಂದು ತಪ್ಪು, ನಂದು ತಪ್ಪು ಅನ್ನಂಗಿಲ್ಲ. ಎಲ್ಲಾ ಕುರಿ ಹೊರಗ ಬಿಟ್ಟು ಮತ್ತ ಮೊದಲಿಂದ.

ಅಪ್ಪ ಕಣ್ಣು ಮುಚ್ಚಿ, ಹಗ್ಗ ಬೆರಳಿನ್ಯಾಗ ಹಾಯಿಸಿದ. ಹದಿನೈದೂ ಗಂಟು ಮುಟ್ಟಿದ. ಐದನೇದಕ್ಕ, ಹತ್ತನೇದಕ್ಕ ಆಕಿ ಜೋಡಿಗಂಟು ಹಾಕಿದ್ಲು. ಅಪ್ಪ ಕಣ್ಣು ತಗದು ಆಕಿನ್ನ ನೋಡಿದ.

"ಇದನ್ನ ಯಾರು ಕಟ್ಟಿದ್ದವ್ವ?"

"ನಾನ ತಾತಾ."

"ಹತ್ತಕ್ಕ ಜೋಡಿಗಂಟು ಹಾಕಿದಾಕಿ ನಾಕು ಯಾವುದು, ಹದಿನಾಕು ಯಾವುದು ಅಂತ ತಪ್ಪಂಗಿಲ್ಲ. ಹತ್ತು ದಾಟಿದ್ದು ಕೈಗೆ ತಿಳೀತೈತಿ." ಹಗ್ಗ ಸುತ್ತಿ ಆಕಿ ತೊಡಿ ಮ್ಯಾಲ ಇಟ್ಟ. ಆಮ್ಯಾಲ ನನ್ನ ಕಡೆ ತಿರಗಿದ. "ಭೀಮಾ, ಆ ಹೊತ್ತಿಗೆ ಅಲ್ಲಿ ಎರಡನೇದಂವ ಯಾರು ಎಣಿಸಿದ್ದು?"

"ನಾನಪ್ಪೋ."

"ಎರಡೂ ಕೂಡಲಿಲ್ಲ?"

"ಇಲ್ಲ."

"ಈ ಹುಡುಗಿ ಹಗ್ಗ ತಂದಾಳ. ನಿನ್ನ ಕಿವಿ ಎಲ್ಲೈತಿ?"

ಐವತ್ತರ ಹತ್ರ ಬಂದ ಗಂಡಸು ನಾನು. ಹನ್ನೊಂದು ವರ್ಷದ ಹುಡುಗನಂಗ ತಲಿ ತಗ್ಗಿಸಿದೆ. ಅಪ್ಪಗ ಸಮುದ್ರ ಗೊತ್ತಿಲ್ಲ, ಆಕ್ಸಿಜನ್ ಗೊತ್ತಿಲ್ಲ. ನನ್ನ ಮಾರಿ ಗೊತ್ತು. ಅಖಿಲಾ ಇಬ್ಬರನ್ನೂ ಮಿಕಿಮಿಕಿ ನೋಡಿದ್ಲು, ಆಕಿಗೆ ಕುರಿ ಕಿವಿಯ ಕತಿ ಗೊತ್ತಿರಲಿಲ್ಲ.

ಎದ್ದು ಒಳಗ ಹೋದೆ. ಓಡಿಹೋಗಲೇನು ಅಂತ ಒಂದು ಗಳಿಗಿ ಅನಿಸಿತು, ಹಿತ್ತಲ ಬಾಗಿಲು ತೆರದ ಇತ್ತು. ಆದ್ರ ಟ್ರಂಕು ತಗದೆ. ಅಡಿಯಾಗ, ಹಳೇ ಕಂಬಳಿ ಮಡಿಕಿಯೊಳಗ ಒಂದು ಹಾಳಿ ಇತ್ತು. ವಿಂಚಿಗೆ ಒಂದು ಮೀಟರ್ ಇರತೈತಿ, ಮೋಟರ್ ಸೈಕಲ್ಲಿನ ಕಿಲೋಮೀಟರ್ ಇದ್ದಂಗ, ತಿರಗಿದಷ್ಟು ಅಂಕಿ ಏರತೈತಿ. ಅದನ್ನ ದಿನಾ ಬರಿಯೋ ಹಾಳಿ. ಹತ್ತನೇ ಸ್ಟೇಷನ್ ಮುಗಿದಾಗ ನಾಕು ಸಾವಿರದ ನೂರಾ ಇಪ್ಪತ್ತೇಳು. ಹನ್ನೆರಡನೇದು ಸುರು ಮಾಡಿದಾಗಲೂ ನಾಕು ಸಾವಿರದ ನೂರಾ ಇಪ್ಪತ್ತೇಳು. ನಡುವ ವಿಂಚು ಒಂದು ಸುತ್ತೂ ತಿರಗಿರಲಿಲ್ಲ. ಕೈ ರೂಢಿಯಿಂದ ಖರೇ ಬರದು, ಆಮ್ಯಾಲ ಬುದ್ಧಿ ಬಂದು ಆ ಹಾಳಿ ಹರದು, ಬ್ಯಾರೆದು ಬರದಿದ್ದೆ. ಒಂದು ಅಂಕಿ ಏರಿಸಿದ್ರ ಮುಂದಿನವೂ ಏರಿಸಬೇಕಲ್ಲ, ಬಂದರು ಮುಟ್ಟೋತನ ಒಂಬತ್ತು ಹಾಳಿ ತಿದ್ದಬೇಕಾತು. ಹರದ ಹಾಳಿ ನೀರಿಗೆ ಒಗಿಬಹುದಿತ್ತು. ಯಾಕ ಒಗಿಲಿಲ್ಲ ಅಂತ ನನಗ ಗೊತ್ತಿಲ್ರಿ.

ತಂದು ಅಖಿಲಾನ ಕೈಯಾಗ ಇಟ್ಟೆ. ಆಕಿಗೆ ಓದಾಕ ಹೊತ್ತು ಹಿಡಿಲಿಲ್ಲ. ಅಂಥಾ ಹಾಳಿ ದಿನಾ ನೋಡಿದಾಕಿ.

"ಪಂಜರ ಇಳಿಸಿಲ್ಲ?" ಅಂದ್ಲು.

"ಇಳಿಸಿಲ್ಲವ್ವ."

"ಆ ಅಂಕಿ?"

"ನಾ ಮಾಡಿದ್ದು. ನೀ ತಪ್ಪಿಲ್ಲ. ಒಂದು ಗಂಟೂ ತಪ್ಪಿಲ್ಲ. ತಪ್ಪು ಮಾಡಿದಂವ ನಾನು, ನಿನ್ನ ಮ್ಯಾಲ ಹಾಕಿದೆ."

ಆಕಿ ಹಾಳಿ ಮಡಚಿ ನೋಟ್‌ಬುಕ್ಕಿನ್ಯಾಗ ಇಟ್ಲು. ಅವ್ವ ಬಾಗಿಲಾಗ ನಿಂತಾಕಿ ಸೆರಗು ಬಾಯಿಗೆ ಒತ್ತಿಕೊಂಡಿದ್ಲು. ಕಡೀಕ ಅಖಿಲಾ ತಲಿ ಎತ್ತಿ, "ಯಾಕಣ್ಣಾ?" ಅಂದ್ಲು.

"ವಾಂತಿ ಆಗಿತ್ತು."

"ಎಷ್ಟು ಸಲ?"

ಇದೇನು ಕೇಳತಾಳ ಅನಿಸಿತು. "ಎಣಿಸಿಲ್ಲವ್ವ," ಅಂದೆ.

"ನಾನು ಎಣಿಸಿದ್ದೆ," ಅಂದ್ಲು. "ಆ ಸ್ಟೇಷನ್ನಿನ್ಯಾಗ ಹದಿನಾಲ್ಕು ಸಲ."

ಆಕಿ ದನಿ ಏರಲಿಲ್ಲ. ಬೈದಿದ್ರ, ಚಪ್ಪಲಿ ತಗೊಂಡಿದ್ರ, ನಾ ತಡಕೋತಿದ್ದೆ. ಆ ಹದಿನಾಲ್ಕು ನನ್ನ ಎದಿಯಾಗ ಕುಂತಬಿಟ್ಟಿತು. ಊಟದ ಮೇಜಿನ ಮುಂದ "ಬಕೆಟ್ ಮೇಡಂ" ಅಂತ ಕೂಗಿದ್ದು ನೆನಪಾಗಿ ಅಲ್ಲೇ ಭೂಮಿ ಬಿರಿದು ಒಳಗ ಹೋಗಬಾರದಾ ಅನಿಸಿತು.

ಆಕಿ ಮುಂದನ ಉದಯಕುಮಾರ ಸರ್‌ಗೆ ಫೋನ್ ಹಚ್ಚಿದೆ, ಸ್ಪೀಕರ್ ಹಾಕಿ. ಎಲ್ಲಾ ಹೇಳಿದೆ, ವಾಂತಿ ಮಾತು ಸೈತ. ಆಮ್ಯಾಲ ಸರ್, "ಭೀಮಶಂಕರ್, ಇದರಿಂದ ನಿಮ್ಮ ಕೆಲಸ ಏನಾಗಬಹುದು ಗೊತ್ತಲ್ಲ?" ಅಂದ್ರು. "ಗೊತ್ತೈತಿ ಸರ್." "ಬರೆದು ಸಹಿ ಮಾಡಿ ಇವತ್ತೇ ಕಳಿಸಿ. ಆ ಹುಡುಗಿ ಅಲ್ಲಿದ್ದಾಳಾ? ಕೊಡಿ." ಫೋನ್ ಚಾಚಿದೆ. ಆಕಿ ಬ್ಯಾಡ ಅಂತ ತಲಿ ಅಲ್ಲಾಡಿಸಿದ್ಲು. ಆಕಿ ಮಾತಿಗಿಂತ ನನ್ನ ಮಾತು ನಂಬಿದ ಮನುಷ್ಯ ಅಲ್ಲೇನು ಅವರೂ.

ನೋಟ್‌ಬುಕ್ಕಿನ ಆ ಪುಟ ತಗದು ನನ್ನ ಮುಂದ ಇಟ್ಲು. ಅಡ್ಡಗೀಟಿನ ಕೆಳಗ ಅಂಕಿ ಇನ್ನೂ ಕಾಣತಿದ್ವು. "ಒಂದೊಂದರ ಮುಂದೂ 'ಸರಿ' ಅಂತ ಬರೀರಿ. ಒಂದೊಂದಕ್ಕೂ ಸಹಿ ಹಾಕ್ರಿ," ಅಂದ್ಲು. ಇಪ್ಪತ್ತಾರು ಅಂಕಿ. ಇಪ್ಪತ್ತಾರು ಸಲ ಬರದೆ. ಹೋದ ವರ್ಷ ಒಂದ ಮಾತಿನ್ಯಾಗ ಗೀಟು ಹಾಕಿಬಿಡವ್ವ ಅಂದಾಗ ಇಷ್ಟು ಇದ್ವು ಅಂತ ನಾ ನೋಡಿರಲೇ ಇಲ್ಲ.

"ಅಂಕಿ ಸಿಕ್ಕವು," ಅಂದ್ಲು ನೋಟ್‌ಬುಕ್ ಚೀಲಕ್ಕ ಹಾಕ್ಕೋತ. "ಹುಳ ಸಿಗಂಗಿಲ್ಲ. ಯಾವ್ಯಾವ ಜಾತಿಯವು ಬಂದಿದ್ವು ಅಂತ ಇನ್ನ ಯಾರಿಗೂ ಗೊತ್ತಾಗಂಗಿಲ್ಲ. ಆ ನೀರೂ ಈಗ ಅಲ್ಲಿಲ್ಲ." ಹಗ್ಗ ಹೆಗಲಿಗೆ ಹಾಕ್ಕೊಂಡ್ಲು. ಅವ್ವನ ಕಾಲು ಮುಟ್ಟಿದ್ಲು, ಅಪ್ಪನ ಕಾಲು ಮುಟ್ಟಿದ್ಲು. ಅಪ್ಪ ಬೀರಪ್ಪನ ಭಂಡಾರ ಆಕಿ ಹಣಿಗೆ ಹಚ್ಚಿದ. ನನ್ನ ಕಡೆ ನೋಡದ ಬಸ್ಸಿಗೆ ನಡದ್ಲು. ಅಣ್ಣಾ ಅನ್ನಲಿಲ್ಲ. ಮಜ್ಜಿಗಿ ಹಂಗ ಉಳದಿತ್ತು.

ಕಾಗದ ಬರದು, ಫೋಟೋ ತಗದು ಸರ್‌ಗೆ ಕಳಸೋದ್ರೊಳಗ ಸಂಜಿ ಆತು. ಕುರಿ ಬಂದ್ವು. ರೂಢಿ ಪ್ರಕಾರ ನಾ ತಡಿಕಿ ಹತ್ರ ಹೋಗಿ ಎರಡನೇ ಕೋಲಿಗೆ ಕೈ ಚಾಚಿದೆ. ಅಪ್ಪ ಅದನ್ನ ಅವ್ವನ ಕೈಯಾಗ ಕೊಟ್ಟ. ನಾ ಹಿಂದ ಸರದು ಬೇವಿನ ಗಿಡದ ಬುಡಕ್ಕ ನಿಂತೆ. ಅವಮಾನಕ್ಕ ಕಿವಿ ಕಾದಿದ್ವು.

ಕುರಿ ಒಂದೊಂದ ಹಾದು ಹೋದ್ವು. ನಾನೂ ದೂರದಿಂದ ಎಣಸಾಕ ಹತ್ತಿದೆ. ಅರವತ್ತರ ತನ ಬಂತು, ಆಮ್ಯಾಲ ಕಣ್ಣು ಮಂಜಾಗಿ ಕುರಿ ಮ್ಯಾಲ ಕುರಿ ಕೂಡಿದಂಗ ಕಂಡು ಬಿಟ್ಟುಹೋತು. ಕಡೇ ಕುರಿ ಹೋದ ಮ್ಯಾಲ ಅಪ್ಪ, "ನೂರಾ ಮೂವತ್ತೆಂಟು," ಅಂದ. ಅವ್ವನೂ, "ನೂರಾ ಮೂವತ್ತೆಂಟು," ಅಂದ್ಲು. ಎರಡೂ ಕೂಡಿದ್ವು. ತಡಿಕಿ ಮುಚ್ಚಬೇಕು.

ಅಪ್ಪ ಮುಚ್ಚಲಿಲ್ಲ. ನನ್ನ ಕಡೆ ತಿರಗಿ, "ನಿಂದೆಷ್ಟು?" ಅಂದ.

ನೂರಾ ಮೂವತ್ತೆಂಟು ಅಂತ ನಾಲಿಗಿ ಮ್ಯಾಲ ಬಂದಿತ್ತು. ಇಬ್ಬರೂ ಹೇಳಿದ್ದು ಕೇಳೀನಿ, ಅಂದುಬಿಟ್ರ ಯಾರಿಗೆ ತಿಳೀತೈತಿ? ಅವ್ವ ಕೋಲು ಹಿಡಕೊಂಡು ನನ್ನ ಬಾಯಿನ ನೋಡಾಕ ಹತ್ತಿದ್ಲು.

"ನಡುವ ಬಿಟ್ಟುಹೋತಪ್ಪೋ," ಅಂದೆ. "ನನಗ ಗೊತ್ತಿಲ್ಲ."

ಅಪ್ಪ ದೊಡ್ಡಿಯೊಳಗ ಹೋಗಿ, ಹುರ್ ಅಂತ ಕೂಗಿ, ನೂರಾ ಮೂವತ್ತೆಂಟು ಕುರಿನೂ ಮತ್ತ ಹೊರಗ ಬಿಟ್ಟ.